ಎತ್ತೋ ಸ್ವರ

ಮಗ ಕಂಪ್ಯೂಟರಿನಲ್ಲಿ ಹೊಸದೇನಾದರೂ ಕೇಳಿಸಿದಾಗಲೆಲ್ಲ ಪಿಳ್ಳಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇದು ಯಾರ್ ಮನೇದು?"

"ಯಾರ್ ಮನೇದೂ ಅಲ್ಲಪ್ಪ. ಮಾಡಿ ಇಟ್ಟಿರೋದು. ಬೇಕಾದೋರು ತಗೋತಾರೆ."

"ಮದ್ವೆ ಇಲ್ಲ, ಸಾವಿಲ್ಲ, ದೇವ್ರಿಲ್ಲ. ಸುಮ್ನೆ ಮಾಡಿ ಇಡಾಕೆ ಅದೇನು ಉಪ್ಪಿನ್‌ಕಾಯೇನ್ಲಾ?"

ಶರತ್ ನಗುತ್ತಿದ್ದ. ಅಪ್ಪ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವನದು ಹೆಚ್ಚುಕಡಿಮೆ ಉಪ್ಪಿನಕಾಯಿಯ ಕೆಲಸವೇ. ಮುಂಬೈಯ ಒಂದು ಕಂಪನಿ ಸಾವಿರಾರು ಸಂಗೀತದ ತುಣುಕುಗಳನ್ನು ಜಾಡಿಗಳಲ್ಲಿ ತುಂಬಿಟ್ಟಂತೆ ಇಟ್ಟುಕೊಂಡಿತ್ತು. ಪ್ರತಿ ಜಾಡಿಯ ಮೇಲೂ ಒಂದೊಂದು ಹೆಸರು: ಭರವಸೆ, ಆತಂಕ, ಹಬ್ಬ, ಮುಂಜಾವು, ಆಸ್ಪತ್ರೆ, ಹೊಸ ಮನೆ. ಟೀವಿಯವರು, ಜಾಹೀರಾತಿನವರು, ರೀಲ್ಸ್ ಮಾಡುವವರು ಬಂದು ತಮಗೆ ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತಿದ್ದರು. ಆ ಜಾಡಿಗಳನ್ನು ತುಂಬಿಸುವ ಎಷ್ಟೋ ಜನರಲ್ಲಿ ಯಲಹಂಕದ ಶರತ್ ಒಬ್ಬ. ಮಾಡಿದವನ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ. ಒಮ್ಮೆ ಕೊಟ್ಟ ಮೇಲೆ ಅದು ಕಂಪನಿಯದು. ಅವರು ಅದನ್ನು ಕತ್ತರಿಸಬಹುದು, ಜೋರಾಗಿ ಓಡಿಸಬಹುದು, ಯಾರಿಗೆ ಬೇಕಾದರೂ ಕೊಡಬಹುದು.

ಗಂಗಾನಗರದಲ್ಲಿ ಒಂದು ಟೈಲರ್ ಅಂಗಡಿಯ ಹಿಂದಿನ ಕೋಣೆಯನ್ನು ಅವನು ಬಾಡಿಗೆಗೆ ಹಿಡಿದಿದ್ದ. ಗೋಡೆಗೆ ಹಳೆಯ ರಜಾಯಿ ಹೊಡೆದು, ಕಿಟಕಿಗೆ ಥರ್ಮೋಕೋಲ್ ತುರುಕಿ ಅದನ್ನೇ ಸ್ಟುಡಿಯೋ ಎನ್ನುತ್ತಿದ್ದ. ಹೊಲಿಗೆ ಮೆಷಿನ್ನು ನಿಂತಾಗ ರೆಕಾರ್ಡ್ ಮಾಡುವುದು, ಶುರುವಾದಾಗ ಕೀಬೋರ್ಡಿನಲ್ಲಿ ಹುಡುಕಾಡುವುದು. ಕಂಪನಿಯಿಂದ ಬರುವ ಸೂಚನೆಗಳು ಯಾವಾಗಲೂ ಒಂದೇ ಥರ: ಉತ್ಸಾಹ ಇರಬೇಕು, ಮಾತಿಗೆ ಅಡ್ಡ ಬರಬಾರದು. ಕಿವಿಗೆ ಬೀಳಬೇಕು, ಯಾರೂ ಕಿವಿಗೊಡಬಾರದು. ಅಂಥದ್ದನ್ನು ಮಾಡುವುದರಲ್ಲಿ ಶರತ್ ಪಳಗಿದ್ದ. ಅವನ ಸಂಗೀತವನ್ನು ದಿನಾ ಲಕ್ಷಾಂತರ ಜನ ಕೇಳುತ್ತಿದ್ದರು, ಒಬ್ಬರೂ ಕಿವಿಗೊಟ್ಟಿರಲಿಲ್ಲ.

ಅಪ್ಪನದು ಇದಕ್ಕೆ ಪೂರಾ ತಿರುಗಾಮುರುಗಾ. ಹಳೇ ಯಲಹಂಕದ ಮಾರಮ್ಮ ಬ್ಯಾಂಡ್ ಸೆಟ್ ಅಂದರೆ ಪಿಳ್ಳಪ್ಪನವರ ಕ್ಲಾರಿನೆಟ್, ಮುಜಫ್ಫರ್ ಅವರ ಸೈಡ್ ಡ್ರಮ್ಮು, ಉಳಿದವರು ಆಯಾ ಕಾಲಕ್ಕೆ ಸಿಕ್ಕವರು. ಮದುವೆಗೆ ಜರಿಪಟ್ಟಿಯ ಕೆಂಪು ಕೋಟು, ಸಾವಿಗೆ ಬಿಳಿ ಅಂಗಿ. ಶರತ್ ಕಾಲೇಜಿಗೆ ಹೋಗುವ ದಿನಗಳಲ್ಲಿ ಅದೇ ಸೆಟ್ಟಿನ ತಳ್ಳುಗಾಡಿಯ ಮೇಲೆ ಕೀಬೋರ್ಡ್ ಇಟ್ಟುಕೊಂಡು ನುಡಿಸುತ್ತಾ ನಡೆದವನು. ಯಾವ ಮನೆಯ ಮುಂದೆ ಯಾವುದನ್ನು ನುಡಿಸಬೇಕು, ಯಾವುದನ್ನು ಬಾಯಿಗೂ ತರಬಾರದು ಎಂಬುದು ಅವನಿಗೆ ಅಲ್ಲಿಯೇ ತಿಳಿದದ್ದು.

ಬಾಯಿಗೆ ತರಬಾರದ್ದು ಎತ್ತೋ ಸ್ವರ.

ಹೆಣವನ್ನು ಚಟ್ಟದ ಮೇಲೆ ಮಲಗಿಸಿ, ಹೂ ಹಾಕಿ, ನೀರು ಬಿಟ್ಟಾದ ಮೇಲೆ ಹೊರುವವರು ಬಗ್ಗುತ್ತಾರಲ್ಲ, ಆಗ ಪಿಳ್ಳಪ್ಪ ಅದನ್ನು ನುಡಿಸುತ್ತಿದ್ದರು. ತಮ್ಮ ಅಣ್ಣ ತೀರಿಕೊಂಡಾಗ ಅವರೇ ಕಟ್ಟಿದ್ದು. ಮೊದಲ ಸಾಲು ತಗ್ಗಿನಲ್ಲಿ, ಹೊರುವವರು ಬಗ್ಗುವುದಕ್ಕೆ. ಎರಡನೆಯದು ಚಟ್ಟ ಹೆಗಲಿಗೇರುವುದಕ್ಕೆ. ಆಮೇಲೆ ಒಂದು ಉಸಿರಿನ ಬಿಡುವು. ಆ ಬಿಡುವಿನಲ್ಲಿ ಚಟ್ಟವನ್ನು ಬೀದಿಯ ಕಡೆ ತಿರುಗಿಸುತ್ತಾರೆ. ಮೂರನೆಯ ಸಾಲು ಒಮ್ಮೆಗೇ ಮೇಲಕ್ಕೇರುತ್ತದೆ. ಅಲ್ಲಿಯವರೆಗೆ ಬಾಯಿಗೆ ಸೆರಗು ಒತ್ತಿಕೊಂಡಿದ್ದ ಹೆಂಗಸರು ಆ ಸಾಲು ಏರಿದ ಕೂಡಲೇ ಬಾಯಿ ಬಿಟ್ಟು ಅಳುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಆ ಸುತ್ತಿನ ಊರುಗಳಲ್ಲಿ ಅದು ಹಾಗೇ ಬಂದುಬಿಟ್ಟಿತ್ತು. ಕೊನೆಯ ಸ್ವರವನ್ನು ಪಿಳ್ಳಪ್ಪ ಬೀದಿಯಲ್ಲಿ ನುಡಿಸುತ್ತಲೇ ಇರಲಿಲ್ಲ. ಅದನ್ನು ಹಾಗೇ ಬಾಕಿ ಇಟ್ಟುಕೊಂಡು ನಡೆದು, ಗುಂಡಿಗೆ ಮೊದಲ ಹಿಡಿ ಮಣ್ಣು ಬಿದ್ದಾಗ ಮುಗಿಸುತ್ತಿದ್ದರು.

ಅದನ್ನು ಮನೆಯೊಳಗೆ ನುಡಿಸುವಂತಿರಲಿಲ್ಲ, ಗುನುಗುವಂತಿರಲಿಲ್ಲ. ಅಭ್ಯಾಸಕ್ಕೂ ಪಿಳ್ಳಪ್ಪ ಕೆರೆ ಏರಿಗೆ ಹೋಗುತ್ತಿದ್ದರು. ಚಿಕ್ಕವನಿದ್ದಾಗ ಒಮ್ಮೆ ಶರತ್ ಅಡುಗೆಮನೆಯಲ್ಲಿ ಅದನ್ನು ಸಿಳ್ಳೆ ಹಾಕಿದ್ದಕ್ಕೆ ಅವನ ತಾಯಿ ಲಕ್ಕಮ್ಮ ಮುದ್ದೆ ಮೆತ್ತಿದ ಕೈಯಲ್ಲೇ ಬಾಯಿಗೆ ಹೊಡೆದಿದ್ದರು. "ಯಾರ್ನ ಎತ್ತಾಕೋ ಕರೀತಿದೀಯಾ, ಮುಂಡೇದೇ?"

ಬರಬರುತ್ತಾ ಕಂಪ್ಯೂಟರೇ ಸಂಗೀತ ಮಾಡತೊಡಗಿತು. ಭರವಸೆ, ಗಿಟಾರ್, ನಗುವ ಮಕ್ಕಳು ಎಂದು ಬರೆದುಕೊಟ್ಟರೆ ಲೋಟದ ಕಾಫಿ ಆರುವುದರೊಳಗೆ ಹಾಡು ತಯಾರು. ಶರತ್ ಕಳಿಸಿದವು ಒಂದರ ಮೇಲೊಂದು ವಾಪಸ್ಸು ಬಂದವು. ಕಂಪನಿಯಲ್ಲಿ ಸಂಗೀತ ಆರಿಸುತ್ತಿದ್ದ ವೇದಾ ಮೈಸೂರಿನ ಹೆಂಗಸು, ಅವನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದಳು.

"ಶರತ್, ಬೇಜಾರ್ ಮಾಡ್ಕೋಬೇಡಿ. ನೀವ್ ಕಳ್ಸಿರೋ ಥರದ್ದು ಇಲ್ಲಿ ಬೆಳಿಗ್ಗೆ ಎದ್ರೆ ಗುಡ್ಡೆ ಬಿದ್ದಿರತ್ತೆ. ಮೆಷಿನ್ ಮಾಡಕ್ಕಾಗ್ದೆ ಇರೋದು ಏನಾದ್ರೂ ಇದ್ಯಾ ನಿಮ್ಹತ್ರ? ಹಳ್ಳಿದು, ದುಃಖದ್ದು, ಯಾರೂ ಕೇಳ್ದೇ ಇರೋದು?"

"ನೋಡ್ತೀನಿ ಮೇಡಂ."

"ನೋಡ್ತೀನಿ ಅಂದ್ರೆ ಇಲ್ಲ ಅಂತ ಅಂದ್ಕೋತೀನಿ. ಇಲ್ದೇ ಇದ್ರೆ ಪಟ್ಟಿಯಿಂದ ನಿಮ್ ಹೆಸ್ರು ಬಿಟ್ ಹೋಗತ್ತೆ, ನನ್ ಕೈಲಿಲ್ಲ ಅದು."

ಮೆಷಿನ್ನು ಕೇಳದೇ ಇದ್ದದ್ದು ಅವನಿಗೆ ಒಂದೇ ಗೊತ್ತಿತ್ತು. ಟೈಲರ್ ಊಟಕ್ಕೆ ಹೋದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಕೀಬೋರ್ಡಿನ ಕ್ಲಾರಿನೆಟ್ ದನಿಯಲ್ಲಿ ಎತ್ತೋ ಸ್ವರವನ್ನು ನುಡಿಸಿದ. ಇದು ಮನೆಯಲ್ಲವಲ್ಲ, ಅಂಗಡಿಯ ಹಿಂಬದಿ, ಎಂದು ತನಗೆ ತಾನೇ ಹೇಳಿಕೊಂಡ. ಮೂರನೆಯ ಸಾಲಿಗೆ ಬಂದಾಗ ಅವನ ಕುತ್ತಿಗೆಯ ಮೇಲೆ ಕೂದಲು ನಿಂತಿತು. ಎಷ್ಟೋ ವರ್ಷಗಳ ಮೇಲೆ ತಾನು ಮಾಡಿದ್ದನ್ನು ತಾನೇ ಕಿವಿಗೊಟ್ಟು ಕೇಳಿದ್ದ.

ವೇದಾ ಮರುದಿನವೇ ಕರೆ ಮಾಡಿದಳು. "ಇದು, ಶರತ್! ಇದಕ್ಕೇ ನಾನ್ ಕಾಯ್ತಿದ್ದಿದ್ದು. ಆದ್ರೆ ಕೊನೇಲಿ ಯಾಕೆ ಹಾಗ್ ನಿಂತ್ ಹೋಗತ್ತೆ? ಮುಗ್ಸಿ. ಕೊನೆಯಿಂದ ಮತ್ತೆ ಮೊದಲಿಗೆ ಸೇರ್ಕೋಬೇಕು, ಎಷ್ಟ್ ಹೊತ್ತಾದ್ರೂ ಓಡಿಸೋ ಹಾಗೆ."

ಅವನು ಕೊನೆಯ ಸ್ವರವನ್ನು ಹಾಕಿ ಮುಗಿಸಿದ. ಮಣ್ಣು ಬೀಳದೆ ಮುಗಿಸಿದ.

ಈ ಕಸುಬಿನಲ್ಲಿ ಒಂದು ರೂಢಿಯಿದೆ. ಒಂದು ಟ್ಯೂನನ್ನು ಬರೀ ಒಂದಾಗಿ ಕೊಡುವುದಿಲ್ಲ. ಮರಿಗಳನ್ನೂ ಸೇರಿಸಿ ಕೊಡಬೇಕು. ಚಿಕ್ಕದೊಂದು, ತಾಳವಿಲ್ಲದ್ದೊಂದು, ಬರೀ ತಾಳದ್ದೊಂದು, ಕೊನೆಗೆ ತಮಾಷೆಯದೊಂದು. ದುಃಖದ ಟ್ಯೂನೇ ಆದರೂ ತಮಾಷೆಯ ಮರಿ ಇರಲೇಬೇಕು. ನಗಿಸುವವರೂ ಗಿರಾಕಿಗಳೇ. ಶರತ್‌ಗೆ ಇದು ಕೈಗೆ ಕೂತ ಕೆಲಸ. ಮೊದಲ ನಾಲ್ಕು ಮುಗಿಸಿದ ಮೇಲೆ ಕೈ ತಾನಾಗಿಯೇ ಐದನೆಯದಕ್ಕೆ ಹೋಯಿತು. ಕ್ಲಾರಿನೆಟ್ ತೆಗೆದು ದಪ್ಪ ಟ್ಯೂಬಾ ಹಾಕಿದ, ವೇಗ ಏರಿಸಿದ, ಮೂರನೆಯ ಸಾಲು ಮೇಲೇರುವಲ್ಲಿ ಜಾರುವ ಸಿಳ್ಳೆಯೊಂದನ್ನು ಅಂಟಿಸಿದ. ಪಕ್ಕದಲ್ಲಿ ಕೂತಿದ್ದ ಗೆಳೆಯ ರಯ್ಯಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. ರಯ್ಯಾನ್‌ಗೆ ಆರ್.ಟಿ. ನಗರದಲ್ಲಿ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ.

"ಮಗಾ, ಸೂಪರ್ ಕಣೋ! ಯಾರೋ ದಢೂತಿ ಮನುಷ್ಯ ಮೆಟ್ಲಿಂದ ಉರುಳಿದಂಗಿದೆ."

ಆ ಮಾತಿಗೆ ಶರತ್ ಕೂಡ ನಕ್ಕ.

ದುಃಖದ ಟ್ಯೂನನ್ನು ಯಾರೂ ಅಷ್ಟಾಗಿ ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡದ್ದು ಐದನೆಯದನ್ನು. ಹೆಬ್ಬಾಳದ ಸರ್ವಿಸ್ ರಸ್ತೆಯ ಗುಂಡಿಗೆ ಒಬ್ಬ ಬೈಕು ಸಮೇತ ಬಿದ್ದು ಕೆಸರಿನಲ್ಲಿ ಕೂತು ಹಲ್ಲುಕಿರಿಯುವ ವಿಡಿಯೋಗೆ ಯಾರೋ ಅದನ್ನು ಹಾಕಿದರು. ಅದು ಫೋನಿನಿಂದ ಫೋನಿಗೆ ಹಾರಿತು. ಆಮೇಲೆ ಬೆಕ್ಕು ಗೋಡೆಯಿಂದ ಬಿದ್ದರೂ ಅದೇ, ಬ್ಯಾಟ್ಸ್‌ಮನ್ ಔಟಾದರೂ ಅದೇ, ಪಿಯುಸಿ ಫಲಿತಾಂಶದ ದಿನವೂ ಅದೇ. ರಯ್ಯಾನ್ ಫೋನ್ ಮಾಡಿ, "ಗುರು, ನಿನ್ ಟ್ಯೂನ್ ಇಲ್ದೆ ಊರಲ್ಲಿ ಯಾವನೂ ಬೀಳ್ತಾನೇ ಇಲ್ಲ," ಅಂದ. ವೇದಾ ಇನ್ನಷ್ಟು ಕಳಿಸಿ ಅಂದಳು. ಪಟ್ಟಿಯಲ್ಲಿ ಅವನ ಹೆಸರು ಉಳಿಯಿತು.

ಪಿಳ್ಳಪ್ಪನವರ ಫೋನಿನಲ್ಲಿ ರೀಲ್ಸ್ ಇರಲಿಲ್ಲ, ಗುಂಡಿ ಒತ್ತುವಂಥ ಹಳೆಯ ಫೋನು ಅದು.

ಅಟ್ಟೂರಿನಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಅಪ್ಪನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದ ಶರತ್ ಗೇಟಿನ ಹತ್ತಿರ ನಿಂತಿದ್ದ. ಮುಜಫ್ಫರ್ ಮಾಮ ಡ್ರಮ್ಮಿನ ಪಟ್ಟಿ ಬಿಗಿಮಾಡಿಕೊಂಡರು. ಹೊರುವವರು ಬಗ್ಗಿದರು. ಪಿಳ್ಳಪ್ಪ ಕಣ್ಣು ಮುಚ್ಚಿ ಕ್ಲಾರಿನೆಟ್ ತುಟಿಗಿಟ್ಟರು. ಮೊದಲ ಸಾಲು, ಎರಡನೆಯ ಸಾಲು, ಬಿಡುವು. ಕಾಂಪೌಂಡಿನ ಪಕ್ಕ ನಿಂತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಶರತ್ ಕಂಡ. ಮೂರನೆಯ ಸಾಲು ಏರಿತು. ಹುಡುಗರಲ್ಲೊಬ್ಬ ಬೈಕಿನಿಂದ ಬೀಳುವವನಂತೆ ಮೆಲ್ಲಗೆ ವಾಲಿದ. ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರೂ ನಗು ಪುಸಕ್ಕನೆ ಆಚೆ ಬಂತು. ಸತ್ತವರ ಸೊಸೆಯೊಬ್ಬಳ ಮುಖದಲ್ಲೂ ಏನೋ ಮಿಂಚಿ, ಅವಳು ಗಾಬರಿಯಿಂದ ಸೆರಗೆಳೆದುಕೊಂಡಳು.

ಪಿಳ್ಳಪ್ಪ ಕಣ್ಣು ಬಿಟ್ಟರು. ಉಸಿರು ತಪ್ಪಿತು. ಕ್ಲಾರಿನೆಟ್ ಒಮ್ಮೆ ಕೀಂ ಎಂದು ಕಿರುಚಿ ನಿಂತಿತು.

ಅಪ್ಪ ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಕೆಳಗಿನ ಹಲ್ಲುಗಳನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿಕೊಂಡರು.

"ನೋಡು, ಎರಡು ಅಲ್ಲಾಡ್ತವೆ. ಅದಕ್ಕೇ ಸ್ವರ ಜಾರಿದ್ದು. ಹೆಣದ ಮುಂದೆ ಜನ ನಗೋ ಅಂಗೆ ಊದಿದ್ನಲ್ಲೋ ನಾನು."

ನಗು ಮೊದಲು ಬಂತು, ಕಿರುಚಿದ್ದು ಆಮೇಲೆ. ಶರತ್ ಅದನ್ನು ಕಣ್ಣಾರೆ ಕಂಡಿದ್ದ. ಅಪ್ಪನ ನೆನಪಿನಲ್ಲಿ ಮಾತ್ರ ಅದು ಹಿಂದುಮುಂದಾಗಿ ಕೂತುಬಿಟ್ಟಿತ್ತು. ಒಂದು ಮಾತು ಹೇಳಿದ್ದರೆ ಸರಿಹೋಗುತ್ತಿತ್ತು. ಆ ಮಾತಿನ ಹಿಂದೆ ಇನ್ನೊಂದು ಮಾತು ಹೇಳಬೇಕಾಗುತ್ತಿತ್ತು.

"ಹೋಗ್ಲಿ ಬಿಡಪ್ಪ, ವಯಸ್ಸಾಯ್ತು," ಅಂದ.

ಪಿಳ್ಳಪ್ಪ ಬಿಡುವ ಪೈಕಿಯವರಲ್ಲ. ಇರುವ ಹಲ್ಲುಗಳನ್ನೆಲ್ಲ ಕೀಳಿಸಿ ಕಟ್ಟುಹಲ್ಲಿನ ಗಟ್ಟಿ ಸೆಟ್ಟು ಹಾಕಿಸಿಕೊಂಡರೆ ಮತ್ತೆ ಮೊದಲಿನಂತೆ ಊದಬಹುದು ಎಂದು ಯಾರೋ ಹೇಳಿದ್ದರು. ಯಲಹಂಕ ನ್ಯೂ ಟೌನಿನ ಒಂದು ಕ್ಲಿನಿಕ್ಕಿಗೆ ಶರತ್‌ನೇ ಕರೆದುಕೊಂಡು ಹೋದ. ಡಾಕ್ಟರು ಬಾಯಿ ನೋಡಿ, ಎರಡು ಬಿಟ್ಟರೆ ಮಿಕ್ಕವು ಚೆನ್ನಾಗಿವೆ, ಕೀಳುವ ಅಗತ್ಯವಿಲ್ಲ ಎಂದರು.

"ಕೀಳಿ ಸ್ವಾಮಿ," ಎಂದರು ಪಿಳ್ಳಪ್ಪ. "ನಂಗೆ ತಿನ್ನಾಕಲ್ಲ, ಊದಾಕೆ ಬೇಕು."

ಡಾಕ್ಟರು ಶರತ್‌ನ ಮುಖ ನೋಡಿದರು. "ನೀವೇನಂತೀರಿ?"

"ಇನ್ನೊಂದ್ಸಲ ಯೋಚ್ನೆ ಮಾಡಪ್ಪ," ಎಂದ ಶರತ್. ಅವನ ಬಾಯಿಂದ ಹೊರಟದ್ದು ಅಷ್ಟೇ.

ಹೋದಾಗಲೆಲ್ಲ ಒಂದಿಷ್ಟು ಕಿತ್ತರು. ಶರತ್ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದ. ಎದುರಿಗೆ ಕೂತ ಯಾವುದೋ ಮಗುವಿನ ಕೈಯಲ್ಲಿದ್ದ ಫೋನಿನಲ್ಲಿ ಒಮ್ಮೆ ಅದೇ ಟ್ಯೂಬಾ ಕೇಳಿಸಿತು. ಅವನು ಎದ್ದು ಮೆಟ್ಟಿಲಿಳಿದು ರಸ್ತೆಗೆ ಹೋಗಿ ನಿಂತ. ಅಪ್ಪ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದಾಗ ಕೈ ಹಿಡಿದು ಸ್ಕೂಟರ್ ಹತ್ತಿಸಿದ. ಗಲ್ಲದ ಮೇಲೆ ರಕ್ತ ಮಿಶ್ರಿತ ಜೊಲ್ಲು ಇಳಿದಿತ್ತು.

ಸೆಟ್ಟು ಬಂತು, ನಿಲ್ಲಲಿಲ್ಲ. ಕ್ಲಾರಿನೆಟ್ ಬಾಯಿಗಿಟ್ಟರೆ ಕೆಳಗಿನದು ಮೇಲೆ ಹಾರುತ್ತಿತ್ತು, ಗಾಳಿ ಪಕ್ಕದಿಂದ ಸೋರುತ್ತಿತ್ತು. ಪಿಳ್ಳಪ್ಪ ದಿನಾ ಕೆರೆ ಏರಿಗೆ ಹೋಗಿ ವಸಡು ಹುಣ್ಣಾಗುವವರೆಗೂ ಊದಿ ಬರುತ್ತಿದ್ದರು. ವಾಕಿಂಗ್ ಬಂದವರು ಪಾಪ ಎನ್ನುವಂತೆ ನೋಡಿ ಮುಂದೆ ಹೋಗುತ್ತಿದ್ದರು. ಲಕ್ಕಮ್ಮ ಮುದ್ದೆಯನ್ನು ಸಾರಿನಲ್ಲಿ ಕರಗಿಸಿ ಕೊಟ್ಟರೂ ಅವರು ಅರ್ಧ ಬಿಡುತ್ತಿದ್ದರು. ಬ್ಯಾಂಡಿಗೆ ಗೊರಗುಂಟೆಪಾಳ್ಯದ ಬ್ಯಾಟರಾಯಪ್ಪ ಎಂಬ ಬೇರೆ ಕ್ಲಾರಿನೆಟ್ಟಿನವನು ಬಂದ. ಕ್ಲಾರಿನೆಟ್ಟಿನ ಪೆಟ್ಟಿಗೆ ಮಂಚದ ಕೆಳಗೆ ಹೋಯಿತು.

ಒಂದು ಮಧ್ಯಾಹ್ನ ಮುಜಫ್ಫರ್ ಮಾಮ ಗಂಗಾನಗರದ ಕೋಣೆಗೆ ಬಂದರು. ಅದುವರೆಗೆ ಅವರು ಅಲ್ಲಿಗೆ ಬಂದದ್ದೇ ಇಲ್ಲ. ಕೂರದೆ ಬಾಗಿಲಲ್ಲೇ ನಿಂತು, ಮೊಮ್ಮಗಳು ಅಫ್ರೀನಳ ಫೋನನ್ನು ಜೇಬಿನಿಂದ ತೆಗೆದು ಕೇಳಿಸಿದರು. ಟ್ಯೂಬಾ, ಸಿಳ್ಳೆ, ಗುಂಡಿಗೆ ಬೀಳುವ ಮನುಷ್ಯ.

"ಇದು ಯಾರ್ದು, ಬೇಟಾ?"

ಶರತ್ ಕೀಬೋರ್ಡಿನ ಸ್ವಿಚ್ಚು ಆರಿಸಿದ.

"ನಲವತ್ತು ವರ್ಷ ಇದರ ಹಿಂದೆ ಡ್ರಮ್ ಹೊಡ್ದಿದೀನಿ ಕಣೋ. ಮಸಿ ಬಳ್ದು ತಂದ್ರೂ ಗುರ್ತು ಸಿಗ್ತದೆ ನಂಗೆ. ನೀನಾ?"

"ನಾನೇ ಮಾಮ."

"ಪಿಳ್ಳಣ್ಣಂಗೆ ಗೊತ್ತಾ?"

"ಇಲ್ಲ."

"ಅಲ್ಲೋ, ಆ ಮನುಷ್ಯ ಬಾಯ್ತುಂಬಾ ಹಲ್ಲು ಕೀಳಿಸ್ಕೊಂಡ! ನೀನೇ ಗಾಡೀಲಿ ಕೂರಿಸ್ಕೊಂಡ್ ಹೋದೆ! ಹೇಳಕ್ಕೆ ನಿಂಗೆ ನಾಲ್ಗೆ ಇರ್ಲಿಲ್ವಾ?" ಅವರು ಫೋನನ್ನು ಜೇಬಿಗೆ ತುರುಕಿಕೊಂಡರು. "ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

ಅವತ್ತು ಸಂಜೆ ಅಪ್ಪ ಕೆರೆ ಏರಿಯ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಶರತ್ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಫೋನಿನಲ್ಲಿ ಕೇಳಿಸಿದ. ಪಿಳ್ಳಪ್ಪ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬೇರೆ ಬ್ಯಾಂಡಿನವರದನ್ನು ಕೇಳುವಂತೆ ಕೊನೆಯವರೆಗೂ ಕೇಳಿದರು. ಆಮೇಲೆ ಅವರ ಮುಖ ಒಂದು ಕ್ಷಣ ಅರಳಿತು. ಮಗನಿಗೆ ಅದನ್ನು ನೋಡಲಾಗಲಿಲ್ಲ.

"ಅಂಗಾದ್ರೆ ನನ್ ಬಾಯಿ ಸರ್ಯಾಗೇ ಇತ್ತಾ?"

"ಸರಿಯಾಗೇ ಇತ್ತಪ್ಪ."

"ನಾನ್ ಊದಿದ್ಕೆ ನಗ್ಲಿಲ್ವಾ ಅವ್ರು?"

"ಇಲ್ಲಪ್ಪ."

ಪಿಳ್ಳಪ್ಪ ವಸಡಿನ ಮೇಲೆ ನಾಲಗೆ ಆಡಿಸಿಕೊಂಡರು. ಅರಳಿದ ಮುಖ ಮೆಲ್ಲಗೆ ಇಳಿಯಿತು.

"ಕೊನೇದು? ಅದ್ನೂ ಕೊಟ್ಬಿಟ್ಯಾ?"

"ಕೊಟ್ಟೆ."

"ವಾಪಸ್ ಇಸ್ಕೊಂಡ್ ಬಾ."

"ಆಗಲ್ಲಪ್ಪ. ಬರ್ಕೊಟ್ಟಿದೀನಿ."

ಕೆರೆಯ ಮೇಲೆ ಏರ್‌ಫೋರ್ಸಿನ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ಅದರ ಸದ್ದು ಅಡಗುವವರೆಗೂ ಅಪ್ಪ ಕಾದರು.

"ಅಂಗಾದ್ರೆ ನನ್ನ ಎತ್ತುವಾಗ ಏನ್ಲಾ ನುಡಿಸ್ತೀರಾ?"

ಶರತ್ ವೇದಾಳಿಗೆ ಫೋನ್ ಮಾಡಿದ, ಅವಳ ಮೇಲಿನವರಿಗೆ ಮಾಡಿದ. ಟ್ಯೂನನ್ನು ತೆಗೆದುಹಾಕಿ, ಬೇಕಾದರೆ ಅದರ ಬದಲು ಎಷ್ಟಾದರೂ ಮಾಡಿಕೊಡುತ್ತೇನೆ ಎಂದು ಅಂಗಲಾಚಿದ. ವೇದಾ ಮರುಗಿದಳು. "ನಾವ್ ತೆಗೆದ್ರೂ ಏನ್ ಪ್ರಯೋಜನ ಶರತ್? ಅದು ಈಗ ಎಲ್ಲರ ಫೋನಲ್ಲೂ ಇದೆ." ಅದು ನಿಜವಾಗಿತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗ ಕಂಪ್ಯೂಟರ್ ತೆರೆದರೆ ಈಗ ಪಕ್ಕದಲ್ಲಿ ಬಂದು ಕೂರುತ್ತಿರಲಿಲ್ಲ, ಯಾರ ಮನೇದು ಎಂದು ಕೇಳುತ್ತಿರಲಿಲ್ಲ. ಕೆರೆ ಏರಿಗೆ ಹೋಗುವುದೂ ನಿಂತಿತು. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದವರು ಮತ್ತೆ ಏಳಲಿಲ್ಲ.

ಸಾವಿಗೆ ಬಂದ ಜನ ಬೀದಿಯ ತುಂಬಾ ಇದ್ದರು. ಆ ಸುತ್ತಿನಲ್ಲಿ ಪಿಳ್ಳಪ್ಪ ಸ್ವರ ನುಡಿಸಿ ಹೆಣ ಎತ್ತಿಸದ ಮನೆಯೇ ಇರಲಿಲ್ಲ. ಹೂವಾಯಿತು, ನೀರಾಯಿತು. ಬ್ಯಾಟರಾಯಪ್ಪ ಕ್ಲಾರಿನೆಟ್ ಹಿಡಿದುಕೊಂಡು ಶರತ್‌ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದ.

"ಅಣ್ಣ, ಯಜಮಾನ್ರದು ನಂಗೆ ಪೂರ್ತಿ ಬರ್ತದೆ. ನುಡಿಸ್ಲಾ?"

ಶರತ್ ತಲೆ ಎತ್ತಿದ. ಎದುರುಮನೆಯ ಮಹಡಿಯ ಮೇಲೆ, ಗೇಟಿನ ಪಕ್ಕ, ನಿಲ್ಲಿಸಿದ ಆಟೋಗಳಿಗೆ ಒರಗಿಕೊಂಡು ಹುಡುಗರು ನಿಂತಿದ್ದರು. ಒಳ್ಳೆಯ ಹುಡುಗರೇ. ಅಪ್ಪ ಹಲವರ ಅಜ್ಜಂದಿರನ್ನು ಎತ್ತಿದ್ದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಮೂರನೆಯ ಸಾಲು ಏರಿದರೆ ಏನಾಗುತ್ತದೆ ಎಂಬುದು ಆ ಹುಡುಗರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಮುಜಫ್ಫರ್ ಮಾಮ ಅವನನ್ನೇ ನೋಡುತ್ತಿದ್ದರು.

"ಬೇಡ," ಅಂದ ಶರತ್.

ಬ್ಯಾಟರಾಯಪ್ಪ ಹಿಂದೆ ಸರಿದ. ಮುಜಫ್ಫರ್ ಮಾಮ ತುಟಿ ಕಚ್ಚಿಕೊಂಡು ಡ್ರಮ್ಮಿನ ಮೇಲೆ ಕೋಲಿಟ್ಟರು. ಕ್ಲಾರಿನೆಟ್ ಇರಬೇಕಾದ ಜಾಗವನ್ನು ಹಾಗೇ ಖಾಲಿ ಬಿಟ್ಟು, ಅದರ ಹಿಂದಿನ ತಾಳವನ್ನಷ್ಟೇ ಹೊಡೆದರು. ಶರತ್ ಮುಂದಿನ ಬಿದಿರಿಗೆ ಹೆಗಲು ಕೊಡಲು ಬಗ್ಗಿದ. ಯಾವಾಗ ಮೇಲೆತ್ತಬೇಕು ಎಂದು ಹೊರುವವರಿಗೆ ತಿಳಿಯಲಿಲ್ಲ. ಒಂದು ಮೂಲೆ ಮೊದಲು ಎದ್ದು, ಚಟ್ಟ ವಾಲಿ, ಯಾರೋ "ಉಷಾರು, ಉಷಾರು!" ಎಂದು ಕೂಗಿದರು.

ಜಗಲಿಯ ಮೇಲೆ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಲಕ್ಕಮ್ಮ ಮುಂದೆ ಇದ್ದರು. ಚಟ್ಟ ತಿರುಗಿತು. ಡ್ರಮ್ಮು ಬಡಿಯುತ್ತಲೇ ಇತ್ತು. ಲಕ್ಕಮ್ಮ ಕಾಯುತ್ತಿದ್ದರು, ಅಕ್ಕಪಕ್ಕದವರು ಅವರ ಮುಖವನ್ನೇ ನೋಡುತ್ತಿದ್ದರು, ಯಾವಾಗ ಬಾಯಿ ಬಿಡಬೇಕೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಹಿಂದಿನಿಂದ ಅಳು ಕೇಳೀತೆಂದು ಶರತ್ ಕಿವಿಗೊಟ್ಟು ನಡೆದ. ಕೊನೆಗೆ ಅಮ್ಮನ ದನಿ ಒಂದೇ ಒಂಟಿಯಾಗಿ ಎದ್ದಾಗ ಚಟ್ಟ ಆಗಲೇ ಬೀದಿಯ ತಿರುವು ದಾಟಿತ್ತು.